ಉಂಬ್ರಿಯಾ ಹಡಗಿನ ಸಿಮೆಂಟ್ ಮೂಟೆಗಳು

ಸುಡಾನ್ ದೇಶದ ಪೋರ್ಟ್ ಸುಡಾನ್ ಬಂದರಿನ ಎದುರಿಗೆ ವಿಂಗೇಟ್ ಎಂಬ ಹವಳದ ದಿಬ್ಬವಿದೆ. ಅದರ ಪಕ್ಕದಲ್ಲೇ ಇಟಲಿಯ ಹಡಗೊಂದು ಎಡ ಮಗ್ಗುಲಿಗೆ ಮಲಗಿದೆ. ಹೆಸರು ಉಂಬ್ರಿಯಾ. ಅದನ್ನು ಮುಳುಗಿಸಿದ್ದು ಶತ್ರುಗಳಲ್ಲ, ಅದರ ಕ್ಯಾಪ್ಟನ್ನೇ.

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1911ರಲ್ಲಿ ಈ ಹಡಗು ನೀರಿಗಿಳಿಯಿತು. ಆಗಿನ ಹೆಸರು ಬಾಹಿಯಾ ಬ್ಲಾಂಕಾ. ಉದ್ದ 150 ಮೀಟರ್‌ಗಿಂತ ಜಾಸ್ತಿ. ಜರ್ಮನಿ ಮತ್ತು ಅರ್ಜೆಂಟೀನಾ ನಡುವೆ ಜನರನ್ನೂ ಸರಕನ್ನೂ ಒಟ್ಟಿಗೆ ಸಾಗಿಸುತ್ತಿತ್ತು. 1918ರಲ್ಲಿ ಅರ್ಜೆಂಟೀನಾದ ಪಾಲಾಯಿತು, 1935ರಲ್ಲಿ ಇಟಲಿಯ ಪಾಲಾಯಿತು. ಇಟಲಿಯು ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋದ ಕಾಲ ಅದು. ಆಮೇಲೆ ಅದು ಆಫ್ರಿಕಾಕ್ಕೆ ಸೈನಿಕರನ್ನು ಸಾಗಿಸಿತು.

1940ರ ಜೂನ್ ಆರಂಭದಲ್ಲಿ ಅದು ಸೂಯೆಜ್ ಕಾಲುವೆಗೆ ಬಂದಾಗ ಒಳಗೆ ಸುಮಾರು 3,60,000 ಬಾಂಬುಗಳಿದ್ದವು. ಜೊತೆಗೆ ಬಾಂಬು ಸಿಡಿಸುವ ಡಿಟೋನೇಟರುಗಳ ಪೆಟ್ಟಿಗೆಗಳು, ಸಿಮೆಂಟ್, ಮೂರು ಫಿಯಟ್ ಕಾರು. ಇಟಲಿ ಇನ್ನೂ ಎರಡನೇ ಮಹಾಯುದ್ಧಕ್ಕೆ ಇಳಿದಿರಲಿಲ್ಲ. 1888ರ ಒಪ್ಪಂದದ ಪ್ರಕಾರ ಕಾಲುವೆ ಎಲ್ಲ ದೇಶಗಳ ಹಡಗಿಗೂ ಮುಕ್ತ. ಹಾಗಾಗಿ ಕಾಲುವೆಯನ್ನು ಕಾಯುತ್ತಿದ್ದ ಬ್ರಿಟಿಷರು ಅಲ್ಲಿ ಅದನ್ನು ಬಿಡಲೇಬೇಕಾಯಿತು. ಮುಂದೆ ಪೋರ್ಟ್ ಸುಡಾನ್ ಹತ್ತಿರ ತಪಾಸಣೆಯ ನೆಪದಲ್ಲಿ ಲಂಗರು ಹಾಕಿಸಿದರು, ತಮ್ಮ ನಾವಿಕರನ್ನೂ ಹತ್ತಿಸಿದರು.

ಜೂನ್ 10ರಂದು ಕ್ಯಾಪ್ಟನ್ ಲೊರೆಂಜೊ ಮುಯೇಸಾನ್ ರೇಡಿಯೋದಲ್ಲಿ ಸುದ್ದಿ ಕೇಳಿದರು: ಇಟಲಿ ಯುದ್ಧ ಸಾರಿದೆ. ಬ್ರಿಟಿಷರಿಗೆ ಅದಿನ್ನೂ ಗೊತ್ತಿರಲಿಲ್ಲ. ಸುಮ್ನೆ ಕೂತರೆ ಅಷ್ಟೂ ಬಾಂಬು ಶತ್ರುವಿನ ಕೈಗೆ. ಜೀವರಕ್ಷಕ ದೋಣಿಗಳ ಕವಾಯತು ಅಂತ ಹೇಳಿ ಸಿಬ್ಬಂದಿಯನ್ನು ಇಳಿಸಿದರು. ಅತ್ತ ಎಂಜಿನಿಯರುಗಳು ಹಡಗಿನ ತಳದ ಕವಾಟಗಳನ್ನು ತೆರೆದರು. ನೀರಿನ ಮಟ್ಟಕ್ಕಿಂತ 5 ಮೀಟರ್ ಕೆಳಗೆ ತೂತಿದ್ದರೆ ನೀರು ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಒಳಗೆ ನುಗ್ಗುತ್ತದೆ. ನುಗ್ಗಿದ ನೀರು ಒಂದು ಕಡೆಗೆ ಹರಿದರೆ ಹಡಗು ಆ ಕಡೆ ವಾಲುತ್ತದೆ, ವಾಲಿದಷ್ಟೂ ಇನ್ನಷ್ಟು ನೀರು ಅಲ್ಲಿಗೇ ಸೇರುತ್ತದೆ. ಬ್ರಿಟಿಷರಿಗೆ ತಿಳಿಯುವಷ್ಟರಲ್ಲಿ ಕೈ ಮೀರಿತ್ತು. ಒಂದೂ ಸಾವಿಲ್ಲದೆ ಮುಗಿದ ಈ ಉಪಾಯವನ್ನು ನಾನಂತೂ ಧೈರ್ಯದ ಕೆಲಸ ಅಂತಲೇ ಕರೆಯುತ್ತೇನೆ. ಮುಯೇಸಾನ್ ಮುಂದಿನ ನಾಲ್ಕು ವರ್ಷ ಭಾರತದಲ್ಲಿ ಯುದ್ಧಕೈದಿಯಾಗಿದ್ದರು.

ಆಳ ಹೆಚ್ಚೆಂದರೆ 35 ಮೀಟರ್ ಆಸುಪಾಸು, ಹಾಗಾಗಿ ಮುಳುಗುಗಾರರು ಇವತ್ತಿಗೂ ಒಳಗೆ ಹೋಗಿ ನೋಡಬಹುದು. ಒಂದೇ ಉಪ್ಪುನೀರು ಒಂದೊಂದು ಸರಕಿಗೆ ಒಂದೊಂದು ಗತಿ ಕಾಣಿಸಿದೆ. ಸಿಮೆಂಟನ್ನೇ ನೋಡಿ. ಚೀಲ ಕರಗಿಹೋಗಿದೆ, ಮೂಟೆಯ ಆಕಾರ ಮಾತ್ರ ಕಲ್ಲಾಗಿ ಉಳಿದಿದೆ. ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಅಲ್ವಾ? ನಿಜಕ್ಕೂ ಅದು ನೀರಿನ ಜೊತೆ ರಾಸಾಯನಿಕವಾಗಿ ಬೆರೆತು ಗಟ್ಟಿಯಾಗುತ್ತದೆ. ಸಮುದ್ರದ ತಳದಲ್ಲೂ ಆ ಕ್ರಿಯೆ ನಿಲ್ಲುವುದಿಲ್ಲ. ಕಾರುಗಳ ಕಬ್ಬಿಣಕ್ಕೆ ಆ ಅದೃಷ್ಟವಿಲ್ಲ. ಉಪ್ಪುನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದರಿಂದ ತುಕ್ಕು ಬೇಗ ಹಿಡಿಯುತ್ತದೆ.

ಬಾಂಬುಗಳು? ಟಿಎನ್‌ಟಿಯಂಥ ಸ್ಫೋಟಕ ನೀರಲ್ಲಿ ನೆನೆದರೂ ದಶಕಗಟ್ಟಲೆ ಶಕ್ತಿ ಉಳಿಸಿಕೊಳ್ಳುತ್ತದೆ. ಅದು ತಾನಾಗಿ ಸಿಡಿಯುವುದು ಅಪರೂಪ, ಡಿಟೋನೇಟರಿನ ಹೊಡೆತ ಬೇಕು. ಆದರೆ ಡಿಟೋನೇಟರುಗಳೂ ಅದೇ ಹಡಗಿನಲ್ಲಿವೆ. ಬಾಂಬಿನ ಉಕ್ಕಿನ ಕವಚ ತೂತಾದಂತೆ ಟಿಎನ್‌ಟಿ ಮೆಲ್ಲಗೆ ನೀರಿಗೆ ಸೇರುತ್ತದೆ. ಮೀನಿಗೆ ಅದು ವಿಷ. ಹಾಗಂತ ಹೊರಗೆ ತೆಗೆಯಲು ಹೋದರೆ, ತುಕ್ಕು ಹಿಡಿದ ಲಕ್ಷಗಟ್ಟಲೆ ಬಾಂಬುಗಳನ್ನು ಒಂದೊಂದಾಗಿ ಅಲುಗಾಡಿಸಬೇಕು.