ಡೆಸ್ಕ್‌ಟಾಪ್ ಇಲ್ಲದ ಲಿನಕ್ಸ್‌ನಿಂದ ಶುರು ಮಾಡಿದರೆ

ವಿಂಡೋಸ್‌ನಂತೆ ಕಂಪ್ಯೂಟರ್ ನಡೆಸುವ ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ಅಂದರೆ ಕಿಟಕಿ, ಐಕಾನ್, ಮೆನು ತೋರಿಸಲು ಬೇಕಾದವರು ಹಾಕಿಕೊಳ್ಳುವ ಒಂದಷ್ಟು ಪ್ರೋಗ್ರಾಂಗಳು, ಅಷ್ಟೆ. ಅವಿಲ್ಲದೆಯೂ ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತದೆ. ಸರ್ವರ್‌ಗಳು ಸಾಮಾನ್ಯವಾಗಿ ಹಾಗೇ ಓಡುವುದು.

ನೋಡಬೇಕೆಂದರೆ ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಚಿಕ್ಕ ನೆಟ್‌ಇನ್‌ಸ್ಟ್ ಇನ್‌ಸ್ಟಾಲರ್ ಸಾಕು. ಯಾವ ಸಾಫ್ಟ್‌ವೇರ್ ಬೇಕು ಎಂದು ಕೇಳುವ ಕಡೆ ಡೆಸ್ಕ್‌ಟಾಪ್‌ಗಳ ಟಿಕ್ ಎಲ್ಲ ತೆಗೆದುಬಿಡಿ. ರೀಬೂಟ್ ಆದ ಮೇಲೆ ಕಪ್ಪು ಪರದೆಯಲ್ಲಿ ಲಾಗಿನ್ ಕೇಳುವ ಒಂದು ಸಾಲು ಕಾಣುತ್ತದೆ. ಯಂತ್ರವನ್ನು ನಡೆಸುವ ತಿರುಳಾದ ಕರ್ನಲ್ ಇದೆ, ಹಿನ್ನೆಲೆಯಲ್ಲಿ ಓಡುವ ಸರ್ವೀಸ್‌ಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಇದೆ, ಕಮಾಂಡ್ ಕೊಡಲು ಬ್ಯಾಶ್ ಇದೆ, ಬೇಕಾದ್ದನ್ನು ತರಿಸಲು ಆಪ್ಟ್ ಇದೆ.

ಇನ್ನು ಪರದೆಯಲ್ಲಿ ಚಿತ್ರ, ಕಿಟಕಿ ಬೇಕು. ಅದಕ್ಕೆ ಎಕ್ಸ್ ಎಂಬ ಪ್ರೋಗ್ರಾಂ ಇದೆ. ಇದು 1984ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. 1991ರ ಲಿನಕ್ಸ್‌ಗಿಂತ ಹಿರಿಯ! ಪರದೆ, ಮೌಸ್, ಕೀಬೋರ್ಡ್ ಈ ಮೂರನ್ನೂ ಪ್ರೋಗ್ರಾಂಗಳಿಗೆ ಹಂಚಿಕೊಡುವುದು ಅದರ ಕೆಲಸ. ಕಿಟಕಿ ಎಲ್ಲಿರಬೇಕು, ಹೇಗೆ ಕಾಣಬೇಕು ಎಂಬ ಗೊಡವೆಗೆ ಅದು ಹೋಗುವುದಿಲ್ಲ.

ಇದನ್ನು ಕಣ್ಣಾರೆ ನೋಡಲು ಒಂದು ಮಜವಾದ ಪ್ರಯೋಗವಿದೆ. ಬರೀ ಎಕ್ಸ್ ಮತ್ತು ಅದರ ಮೇಲೆ ಎಕ್ಸ್‌ಟರ್ಮ್ ಎಂಬ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಮಾತ್ರ ಓಡಿಸಿ. ಟರ್ಮಿನಲ್ ಎಡಗಡೆ ಮೇಲಿನ ಮೂಲೆಯಲ್ಲಿ ಅಂಟಿಕೊಂಡು ನಿಲ್ಲುತ್ತದೆ. ಅದಕ್ಕೆ ಶೀರ್ಷಿಕೆ ಪಟ್ಟಿ ಇಲ್ಲ, ಮುಚ್ಚುವ ಬಟನ್ ಇಲ್ಲ, ಎಳೆದರೆ ಜರುಗುವುದೂ ಇಲ್ಲ. ಮೌಸ್ ಬಾಣ ಕಿಟಕಿಯಿಂದ ಆಚೆ ಹೋದರೆ ಟೈಪ್ ಮಾಡಿದ್ದು ಅದಕ್ಕೆ ತಲುಪುವುದೇ ಇಲ್ಲ! ಈಗ ಅದೇ ಟರ್ಮಿನಲ್‌ನಿಂದ ಓಪನ್‌ಬಾಕ್ಸ್ ಎಂಬ ವಿಂಡೋ ಮ್ಯಾನೇಜರ್ ಶುರು ಮಾಡಿ. ತಟ್ಟನೆ ಕಿಟಕಿಗೆ ಅಂಚು, ಹೆಸರು, ಬಟನ್‌ಗಳು ಬರುತ್ತವೆ. ಟರ್ಮಿನಲ್ ಮಾತ್ರ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಓಪನ್‌ಬಾಕ್ಸ್ ನಿಲ್ಲಿಸಿದರೆ ಅಂಚು ಮಾಯ, ಟರ್ಮಿನಲ್ ಹಾಗೇ ಇದೆ. ಕಿಟಕಿಯ ಒಳಭಾಗ ಒಬ್ಬರದು, ಚೌಕಟ್ಟು ಇನ್ನೊಬ್ಬರದು ಅಂತ ಆಗ ಗೊತ್ತಾಗುತ್ತದೆ.

ಕೆಳಗಿನ ಪಟ್ಟಿ, ಫೈಲ್ ಮ್ಯಾನೇಜರ್, ವಾಲ್‌ಪೇಪರ್ ಎಲ್ಲವೂ ಬೇರೆ ಬೇರೆ ಪ್ರೋಗ್ರಾಂಗಳೇ. ಒಂದೊಂದಾಗಿ ಜೋಡಿಸುವಷ್ಟು ಪುರುಸೊತ್ತಿಲ್ಲವೆಂದರೆ ಇವನ್ನೆಲ್ಲ ಒಟ್ಟಿಗೆ ಕೊಡುವ ಎಕ್ಸ್‌ಎಫ್‌ಸಿಇ ಹಾಕಿಕೊಳ್ಳಿ. ಲಾಗಿನ್ ಪರದೆಗೆ ಲೈಟ್‌ಡಿಎಂ ಇದೆ, ಆದರೆ ಕಡ್ಡಾಯವಲ್ಲ. ಕಪ್ಪು ಪರದೆಯಲ್ಲೇ ಲಾಗಿನ್ ಆಗಿ ಸ್ಟಾರ್ಟ್‌ಎಕ್ಸ್ ಕಮಾಂಡ್ ಕೊಟ್ಟರೂ ನಡೆಯುತ್ತದೆ.

ಒಂದು ಮಾತು: ಆಪ್ಟ್ ತಾನಾಗಿ ಶಿಫಾರಸು ಮಾಡುವ ಪ್ಯಾಕೇಜ್‌ಗಳನ್ನು ಬೇಡವೆನ್ನಬಹುದು. ಜಾಗ ಉಳಿಯುತ್ತದೆ, ನಿಜ. ಆದರೆ ಆಮೇಲೆ ಸದ್ದು ಬರಲ್ಲ, ಐಕಾನ್ ಕಾಣಲ್ಲ ಎಂದು ಹುಡುಕುತ್ತಾ ಕೂರಬೇಕಾದೀತು. ಫಾಂಟ್ ಇಲ್ಲದಿದ್ದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ. ಮೊದಲ ಸಲಕ್ಕೆ ಇಷ್ಟು ಜಿಪುಣತನ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಎಕ್ಸ್‌ಗೆ ಬದಲಿಯಾಗಿ 2008ರಲ್ಲಿ ಶುರುವಾದ ವೇಲ್ಯಾಂಡ್‌ನಲ್ಲಿ ಮೇಲಿನ ಪ್ರಯೋಗ ನಡೆಯುವುದಿಲ್ಲ. ಅಲ್ಲಿ ಎಕ್ಸ್‌ನ ಕೆಲಸವನ್ನೂ ವಿಂಡೋ ಮ್ಯಾನೇಜರ್‌ನ ಕೆಲಸವನ್ನೂ ಕಾಂಪೊಸಿಟರ್ ಎಂಬ ಒಂದೇ ಪ್ರೋಗ್ರಾಂ ಮಾಡುತ್ತದೆ. ಕಲಿಯಲು ಎಕ್ಸ್ ಚೆನ್ನ. ದಿನದ ಬಳಕೆಗೆ ವೇಲ್ಯಾಂಡ್ ವಾಸಿ. ಯಾಕೆಂದರೆ ಎಕ್ಸ್‌ನಲ್ಲಿ ಒಂದು ಕಿಟಕಿಯಲ್ಲಿ ಟೈಪ್ ಮಾಡಿದ ಪಾಸ್‌ವರ್ಡನ್ನು ಪಕ್ಕದ ಪ್ರೋಗ್ರಾಂ ಸುಮ್ನೆ ಕೂತು ಕದ್ದು ಓದಬಹುದು. ವೇಲ್ಯಾಂಡ್ ಅದಕ್ಕೆ ಎಡೆ ಕೊಡುವುದಿಲ್ಲ.