ಬಣ್ಣ ಹೋದ ಮೇಲೆ ಕೆಲಸ ಮಾಡಿದ್ದು ಯಾರು?

ಅಣುಗಳಿಗೆ ಆಕ್ಸಿಜನ್ ಸೇರಿಸುವ ಪಿ450 ಎಂಬ ಕಿಣ್ವವನ್ನು ಅನುಕರಿಸುವುದು ನಮ್ಮ ಪ್ರಯೋಗ. ಕಬ್ಬಿಣ ಹೊತ್ತ ಉಂಗುರದಂಥ ಅಣು, ಪಾರ್ಫಿರಿನ್, ವೇಗವರ್ಧಕ; ಆಕ್ಸಿಜನ್ ಸೇರಬೇಕಾದದ್ದು ಸೈಕ್ಲೋಹೆಕ್ಸೀನ್ ಎಂಬ ದ್ರವಕ್ಕೆ. ಸೈಕ್ಲೋಹೆಕ್ಸೀನ್ ಬಹುಪಾಲು ಖರ್ಚಾಗಿದೆ ಎಂದು ವಿದ್ಯಾರ್ಥಿಗಳು ಖುಷಿಯಿಂದ ಗ್ರಾಫ್ ತರುತ್ತಾರೆ. ನಾನು ಮೊದಲು ಕೇಳುವುದು ಫ್ಲಾಸ್ಕಿನ ಬಣ್ಣ. "ಅರ್ಧ ಗಂಟೆಗೇ ತಿಳಿಯಾಯ್ತು ಸರ್" ಎಂಬ ಉತ್ತರ ಬಂದರೆ ನನಗೆ ಸಂಕಟ.

ಪಾರ್ಫಿರಿನ್‌ಗೆ ಆ ಗಾಢ ಬಣ್ಣ ಬರುವುದು ಉಂಗುರದ ತುಂಬ ಹರಡಿಕೊಂಡ ಎಲೆಕ್ಟ್ರಾನ್‌ಗಳಿಂದ. ಬಣ್ಣ ಪೂರ್ತಿ ಹೋಯಿತೆಂದರೆ ಉಂಗುರ ಒಡೆದಿದೆ. ವೇಗವರ್ಧಕ ಸತ್ತಿದೆ. ಆಮೇಲೂ ಉತ್ಪನ್ನ ಏರುತ್ತಲೇ ಇದ್ದರೆ ಅದನ್ನು ಮಾಡಿದ್ದು ಬೇರೆ ಯಾರೋ ಅಲ್ವಾ? ಉಂಗುರದಿಂದ ಕಳಚಿದ ಕಬ್ಬಿಣ ಇರಬಹುದು. ಗಾಳಿಯ ಆಕ್ಸಿಜನ್ ಸೇರಿ, ಒಂದು ಅಣುವಿನಿಂದ ಇನ್ನೊಂದಕ್ಕೆ ತಾನಾಗಿ ಹಬ್ಬುವ ರ್‍ಯಾಡಿಕಲ್ ಸರಪಳಿ ಇರಬಹುದು. ಅದಕ್ಕೆ "ಕಿಣ್ವದ ಅನುಕರಣೆ" ಎಂದು ಹೆಸರಿಡಬೇಡಿ.

ಪಿ450 ಕಿಣ್ವದಲ್ಲೂ ಇರುವುದು ಕಬ್ಬಿಣದ ಪಾರ್ಫಿರಿನ್ನೇ. ಆದರೆ ಪ್ರೋಟೀನ್ ಅದನ್ನು ಗೂಡಿನಲ್ಲಿ ಕೂರಿಸಿದೆ. ಒಂದು ಹೀಮ್, ಅಂದರೆ ಕಬ್ಬಿಣ ಕೂತ ಆ ಉಂಗುರ, ಇನ್ನೊಂದನ್ನು ಮುಟ್ಟಲಾಗದು. ಫ್ಲಾಸ್ಕಿನಲ್ಲಿ ಆ ಗೂಡು ಇಲ್ಲ. ಒಂದರ ಕಬ್ಬಿಣ ಹಿಡಿದ ಆಕ್ಸಿಜನ್ ಪಕ್ಕದ ಉಂಗುರವನ್ನೇ ಸುಡುತ್ತದೆ. ಇಲ್ಲವೇ ಎರಡು ಕಬ್ಬಿಣಗಳು ಒಂದು ಆಕ್ಸಿಜನ್‌ನಿಂದ ಜೋಡಿಯಾಗಿ ಸುಮ್ನೆ ಕೂರುತ್ತವೆ.

1979ರಲ್ಲಿ ರಸಾಯನಶಾಸ್ತ್ರಜ್ಞ ಗ್ರೋವ್ಸ್ ಮತ್ತು ಸಂಗಡಿಗರು ಕಬ್ಬಿಣದ ಟೆಟ್ರಾಫೀನೈಲ್ ಪಾರ್ಫಿರಿನ್‌ಗೆ ಅಯೋಡೋಸಿಲ್‌ಬೆಂಜೀನ್ ಎಂಬ ಆಕ್ಸಿಜನ್ ದಾನಿಯನ್ನು ಕೊಟ್ಟು ಈ ದಾರಿ ತೆರೆದರು. 1981ರಲ್ಲಿ ಉಂಗುರದ ಅಂಚಿನ ಫೀನೈಲ್ ಗುಂಪುಗಳ ಬದಲು ಮೀಥೈಲ್ ಹೊತ್ತ ಮೆಸಿಟೈಲ್ ಬಳಸಿದಾಗ, −78 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆಕ್ಸಿಜನ್ ಹಿಡಿದ ಹಸಿರು ರೂಪವೇ ಕಣ್ಣಿಗೆ ಕಂಡಿತು. ಬದಿಯ ಮೀಥೈಲ್‌ಗಳು ಉಂಗುರಗಳು ಹತ್ತಿರ ಬರದಂತೆ ತಡೆದವು. ಮುಂದೆ ಫೀನೈಲ್‌ಗಳ ಮೇಲೆ ಕ್ಲೋರಿನ್, ಫ್ಲೋರಿನ್ ಕೂರಿಸಿದ್ದೂ ಉಂಗುರವನ್ನು ಉಳಿಸಲೆಂದೇ. ಇವೂ ಅಮರವಲ್ಲ, ಸ್ವಲ್ಪ ಜಾಸ್ತಿ ಬದುಕುತ್ತವೆ, ಅಷ್ಟೇ.

ಒಬ್ಬ ಹುಡುಗಿ ನೆನಪಾಗುತ್ತಾಳೆ. ತುಂಬ ಶ್ರಮಜೀವಿ. ಮೂರು ವಾರದ ಫಲಿತಾಂಶ ಅವಳ ಕೈಯಲ್ಲಿತ್ತು. ವೇಗವರ್ಧಕ ಹಾಕದೆ ಒಮ್ಮೆ ಮಾಡು ಎಂದೆ. ಹೆಚ್ಚುಕಡಿಮೆ ಅಷ್ಟೇ ಉತ್ಪನ್ನ ಬಂತು! ಸೈಕ್ಲೋಹೆಕ್ಸೀನ್ ಬಾಟಲಿ ಹಳೆಯದು, ಒಳಗೆ ಸರಪಳಿ ಶುರುಮಾಡುವ ಪೆರಾಕ್ಸೈಡ್ ಸೇರಿಕೊಂಡಿತ್ತು. ಅದನ್ನು ತೆಗೆಯಲು ಅಲ್ಯೂಮಿನಾ ಪುಡಿಯ ಮೂಲಕ ಹಾಯಿಸಿ ಮತ್ತೆ ಮಾಡಿದಳು. ಉತ್ಪನ್ನ ಕುಸಿಯಿತು, ಅವಳ ಮುಖವೂ ಬಾಡಿತು. ಆದರೆ ಉಳಿದದ್ದರಲ್ಲಿ ಹೆಚ್ಚಿನದು ಎಪಾಕ್ಸೈಡ್, ಅಂದರೆ ಪಾರ್ಫಿರಿನ್ ತನ್ನ ಆಕ್ಸಿಜನ್ ಅನ್ನು ನೇರವಾಗಿ ಸೇರಿಸಿದಾಗ ಬರುವ ಉತ್ಪನ್ನ. ಮೊದಲು ಬರುತ್ತಿದ್ದುದು ಬಹುತೇಕ ಸೈಕ್ಲೋಹೆಕ್ಸಿನಾಲ್ ಮತ್ತು ಸೈಕ್ಲೋಹೆಕ್ಸಿನೋನ್, ಅಂದರೆ ಸರಪಳಿಯ ಗುರುತು. ಈ ಅನುಪಾತ ಸುಳಿವು ಮಾತ್ರ, ಪುರಾವೆಯಲ್ಲ. ಪಾರ್ಫಿರಿನ್ ಕೂಡ ಆ ಎರಡನ್ನು ಸ್ವಲ್ಪ ಕೊಡಬಲ್ಲದು. ಹಾಗಾಗಿ ಗಾಳಿಯ ಆಕ್ಸಿಜನ್ ತಾಗದಂತೆ ಆರ್ಗಾನ್ ಅಡಿಯಲ್ಲೂ ಮಾಡಿಸಿದೆ. ಎಪಾಕ್ಸೈಡ್ ಪ್ರಮಾಣ ಕದಲಲಿಲ್ಲ.

ಆಕ್ಸಿಡೆಂಟ್, ಅಂದರೆ ಆಕ್ಸಿಜನ್ ಕೊಡುವ ವಸ್ತು, ಒಂದೇ ಸಲ ಸುರಿಯುವುದನ್ನೂ ಬಿಡಿಸಿದೆ. ಸೈಕ್ಲೋಹೆಕ್ಸೀನ್ ಧಾರಾಳವಾಗಿರಲಿ, ಆಕ್ಸಿಡೆಂಟ್ ಸ್ವಲ್ಪಸ್ವಲ್ಪವೇ ಬೀಳಲಿ. ಆಗ ಹುಟ್ಟಿದ ಆಕ್ಸಿಜನ್‌ಗೆ ಉಂಗುರಕ್ಕಿಂತ ಮೊದಲು ಸೈಕ್ಲೋಹೆಕ್ಸೀನ್ ಸಿಗುತ್ತದೆ.

ಕೊನೆಗೆ ಅವಳು ಎರಡು ಸ್ಪೆಕ್ಟ್ರಮ್ ತಂದಳು, ಕ್ರಿಯೆಗೆ ಮೊದಲಿನದು ಮತ್ತು ನಂತರದ್ದು. 417 ನ್ಯಾನೋಮೀಟರ್ ಹತ್ತಿರದ ಸೋರೆ ಪಟ್ಟಿ, ಅಂದರೆ ಪಾರ್ಫಿರಿನ್ ಉಂಗುರ ಬೆಳಕು ಹೀರುವ ಗುರುತು, ಎರಡರಲ್ಲೂ ಇತ್ತು, ಎರಡನೆಯದರಲ್ಲಿ ಸ್ವಲ್ಪ ಗಿಡ್ಡ. ಅವತ್ತು ಅವಳ ಗ್ರಾಫನ್ನು ನಿಧಾನವಾಗಿ, ಕುಳಿತು ನೋಡಿದೆ.