ಬುಟ್ಟಿ ಕೆಳಗಿನ ಬೆಕ್ಕು ಮತ್ತು ಡೋರ್ಸ್

ಶ್ರಾದ್ಧದ ದಿನ ಕಾಲಿಗೆ ಅಡ್ಡ ಬರುತ್ತದೆ ಅಂತ ಅಪ್ಪ ಬೆಕ್ಕನ್ನು ಬುಟ್ಟಿ ಕೆಳಗೆ ಮುಚ್ಚಿಡುತ್ತಿದ್ದ. ಅಪ್ಪ ಹೋದ ಮೇಲೆ ಮಗ ಊರೆಲ್ಲ ಹುಡುಕಿ ಒಂದು ಬೆಕ್ಕು ತಂದು, ಬುಟ್ಟಿ ಮುಚ್ಚಿ, ಆಮೇಲೆ ಶ್ರಾದ್ಧ ಮಾಡಿದ. ಈ ಕತೆ ನಮಗೆಲ್ಲ ಗೊತ್ತು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕುರುವಿನಲ್ಲಿ ಇದೇ ಕತೆ ರಾಕೆಟ್ ಜೊತೆ ನಡೆಯಿತು.

ಅದು ಏರಿಯಾನ್ 5ರ ಮೊದಲ ಹಾರಾಟ. ದಿಕ್ಕು ಹೇಳುವ ಸಾಫ್ಟ್‌ವೇರನ್ನು ಏರಿಯಾನ್ 4ರಿಂದ ಎತ್ತಿಕೊಂಡಿದ್ದರು. ಅದರಲ್ಲಿ ಅಲೈನ್‌ಮೆಂಟ್ (ನೆಲದ ಮೇಲೆ ನಿಂತಾಗ ದಿಕ್ಕು ಸರಿಹೊಂದಿಸುವುದು) ಮಾಡುವ ಒಂದು ಭಾಗ ರಾಕೆಟ್ ನೆಲ ಬಿಟ್ಟ ಮೇಲೂ ಸುಮಾರು 40 ಸೆಕೆಂಡು ಓಡುತ್ತಿತ್ತು. ಯಾಕೆ? ಹಳೆ ರಾಕೆಟ್‌ನಲ್ಲಿ ಕೊನೆ ಕ್ಷಣದಲ್ಲಿ ಕೌಂಟ್‌ಡೌನ್ ನಿಂತುಹೋದರೆ, ಮತ್ತೆ ಮುಕ್ಕಾಲು ಗಂಟೆ ಅಲೈನ್‌ಮೆಂಟ್‌ಗೆ ಕಾಯದೆ ಬೇಗ ಶುರು ಮಾಡಲಿ ಅಂತ. ಏರಿಯಾನ್ 5ಕ್ಕೆ ಅದು ಬೇಕೇ ಇರಲಿಲ್ಲ. ಆದರೂ, ಸರಿಯಾಗಿ ನಡೆಯುತ್ತಿರುವುದನ್ನು ಸುಮ್ನೆ ಯಾಕೆ ಮುಟ್ಟಬೇಕು ಅಂತ ಉಳಿಸಿಕೊಂಡರು. ಹೊಸ ರಾಕೆಟ್ ಅಡ್ಡಕ್ಕೆ ಜಾಸ್ತಿ ವೇಗ ಪಡೆಯಿತು, 64 ಬಿಟ್‌ನ ಸಂಖ್ಯೆ 16 ಬಿಟ್‌ನ ಜಾಗದಲ್ಲಿ ಹಿಡಿಸಲಿಲ್ಲ, ಒಂದಕ್ಕೊಂದು ಬ್ಯಾಕಪ್ ಆಗಿದ್ದ ಎರಡೂ ಕಂಪ್ಯೂಟರ್ ಸುಮಾರು 37 ಸೆಕೆಂಡಿಗೆ ಕೈಚೆಲ್ಲಿದವು. ರಾಕೆಟ್ ಆಕಾಶದಲ್ಲೇ ಚೂರಾಯಿತು, ಅದರೊಳಗಿದ್ದ ನಾಲ್ಕು ಕ್ಲಸ್ಟರ್ ಉಪಗ್ರಹಗಳೂ ಹೋದವು.

ತನಿಖಾ ವರದಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ವಿಷಯ. ಏರಿಯಾನ್ 5 ಹಾರುವ ದಾರಿಯ ವಿವರವೇ ದಿಕ್ಕು ಹೇಳುವ ಆ ಉಪಕರಣದ ರಿಕ್ವೈರ್‌ಮೆಂಟ್‌ನಲ್ಲಿ (ಏನೇನು ಮಾಡಬೇಕು ಅನ್ನುವ ಪಟ್ಟಿಯಲ್ಲಿ) ಇರಲಿಲ್ಲವಂತೆ. ಕೋಡ್ ಬರೆದವರು ತಮಗೆ ಕೊಟ್ಟ ಪಟ್ಟಿಯ ಪ್ರಕಾರವೇ ಬರೆದಿದ್ದರು.

ಇಂಥ ಪಟ್ಟಿಗಳನ್ನು ಕಾಯಲಿಕ್ಕೇ ಅಂತ ಒಂದು ಬಗೆಯ ಸಾಫ್ಟ್‌ವೇರ್ ಹುಟ್ಟಿಕೊಂಡಿದ್ದು. 1970ರ ದಶಕದಲ್ಲೇ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಟೈಕ್ರೋ ತಂಡ ಪಿಎಸ್‌ಎಲ್ ಅನ್ನೋ, ರಿಕ್ವೈರ್‌ಮೆಂಟ್ ಬರೆಯುವ ಭಾಷೆ ಮಾಡಿತ್ತು. ಅತ್ತ ಟಿಆರ್‌ಡಬ್ಲ್ಯೂ ಕಂಪನಿ ಅಮೆರಿಕದ ಕ್ಷಿಪಣಿ ರಕ್ಷಣಾ ಯೋಜನೆಗೆ ಬೇರೊಂದು ವಿಧಾನ ಕಟ್ಟಿತು. ಎರಡಕ್ಕೂ ಹೊಸ ಭಾಷೆ ಕಲಿಯಬೇಕು. ಬ್ರೇಕ್ ಬಗ್ಗೆ ಬರೆಯುವ ಮೆಕ್ಯಾನಿಕಲ್ ಎಂಜಿನಿಯರ್ ಅದನ್ನೆಲ್ಲ ಕಲಿಯುತ್ತಾನಾ?

ಕಲಿಯಬೇಕಿಲ್ಲ ಅಂದಿದ್ದು ಡೋರ್ಸ್ ಅನ್ನುವ ಸಾಫ್ಟ್‌ವೇರ್. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ರಿಚರ್ಡ್ ಸ್ಟೀವನ್ಸ್ ಇದನ್ನು ಮಾಡಿದರು, 1990ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನ ಕ್ಯೂಎಸ್‌ಎಸ್ ಕಂಪನಿ ಮಾರುಕಟ್ಟೆಗೆ ತಂದಿತು. ನೋಡಲಿಕ್ಕೆ ಮಾಮೂಲಿ ದಾಖಲೆ ಥರ, ಒಳಗೆ ಡೇಟಾಬೇಸ್. ಅದು ಗೆದ್ದಿದ್ದು ಇದಕ್ಕೇ ಅಂತ ನನಗನ್ನಿಸುತ್ತದೆ. ಪ್ರತಿ ಸಾಲಿಗೂ ಒಂದು ನಂಬರ್. ಮೇಲಿನ ಸಾಲಿನಿಂದ ಕೆಳಗಿನದಕ್ಕೆ, ಅಲ್ಲಿಂದ ಟೆಸ್ಟ್‌ಗೆ ಲಿಂಕ್. ಮೇಲಿನದು ಬದಲಾದರೆ ಕೆಳಗಿನ ಲಿಂಕ್ 'ಸಸ್ಪೆಕ್ಟ್' ಆಗುತ್ತದೆ, ಯಾರಾದರೂ ಬಂದು ನೋಡಿ ಸರಿ ಅನ್ನಬೇಕು.

ಟೂಲ್ ಕೊಳ್ಳಲು ಜೋರಾಗಿ ನೂಕಿದ್ದು ನಿಯಮಗಳು. ವಿಮಾನದ ಸಾಫ್ಟ್‌ವೇರ್‌ಗೆ 1992ರಲ್ಲಿ ಡಿಓ-178ಬಿ ಬಂತು, ರಿಕ್ವೈರ್‌ಮೆಂಟ್‌ನಿಂದ ಕೋಡ್‌ವರೆಗೆ, ಟೆಸ್ಟ್‌ವರೆಗೆ ಕೊಂಡಿ ತೋರಿಸಿ ಅಂದಿತು. ಕಾರುಗಳಿಗೆ 2011ರಲ್ಲಿ ಐಎಸ್‌ಓ 26262 ಬಂತು. ಆ ಕೊಂಡಿ ಜೋಡಿಸುವ ಕೆಲಸ ಬೆಂಗಳೂರಿಗೂ ರಾಶಿ ರಾಶಿ ಬಂದಿದೆ, ಇಲ್ಲಿ ಏವಿಯಾನಿಕ್ಸ್ ಅಥವಾ ಆಟೋಮೋಟಿವ್ ಕೆಲಸದಲ್ಲಿರುವ ಯಾರನ್ನಾದರೂ ಕೇಳಿ, ಆಡಿಟ್ ಹಿಂದಿನ ರಾತ್ರಿ ಟ್ರೇಸ್ ಮ್ಯಾಟ್ರಿಕ್ಸ್ (ಯಾವುದಕ್ಕೆ ಯಾವುದರ ಕೊಂಡಿ ಅನ್ನುವ ಕೋಷ್ಟಕ) ತುಂಬಿದ ಕತೆ ಒಂದಾದರೂ ಸಿಗುತ್ತದೆ. ಅಲ್ವಾ?

ಆದರೆ ಲಿಂಕ್ ಇದ್ದರೆ ಸಾಕಾ? 1994ರಲ್ಲೇ ಒರ್ಲೀನಾ ಗೋಟೆಲ್ ಮತ್ತು ಆಂಥನಿ ಫಿಂಕಲ್‌ಸ್ಟೈನ್ ನೂರಕ್ಕೂ ಜಾಸ್ತಿ ಎಂಜಿನಿಯರ್‌ಗಳನ್ನು ವಿಚಾರಿಸಿ ನೋಡಿದ್ದರು. ತೊಂದರೆ ಹೆಚ್ಚಾಗಿ ಇರುವುದು ರಿಕ್ವೈರ್‌ಮೆಂಟ್ ಬರೆದ ನಂತರದಲ್ಲಲ್ಲ, ಬರೆಯುವ ಮೊದಲು: ಯಾರು ಕೇಳಿದರು, ಯಾಕೆ ಕೇಳಿದರು ಅನ್ನುವುದೇ ಕಳೆದುಹೋಗಿರುತ್ತದೆ ಅಂದರು.

1999ರ ಡಿಸೆಂಬರ್ 3ರಂದು ಮಂಗಳದಲ್ಲಿ ಕಳೆದುಹೋದ ಮಾರ್ಸ್ ಪೋಲಾರ್ ಲ್ಯಾಂಡರ್ ನೋಡಿ. 12 ಮೀಟರ್ ಎತ್ತರಕ್ಕೆ ಇಳಿಯುವ ತನಕ ಕಾಲಿನ ಸೆನ್ಸರ್ ಹೇಳಿದ್ದನ್ನು ಬಳಸಬೇಡಿ ಅಂತ ಮೇಲಿನ ದಾಖಲೆಯಲ್ಲಿ ಇತ್ತು. ಕಾಲು ಬಿಚ್ಚಿಕೊಳ್ಳುವಾಗಿನ ಜರ್ಕ್‌ಗೆ ಸೆನ್ಸರ್ 'ನೆಲ ಮುಟ್ಟಿದೆ' ಅಂತ ಸುಳ್ಳು ಹೇಳಬಹುದು ಅನ್ನುವ ಕಾರಣ ಮಾತ್ರ ರಿಕ್ವೈರ್‌ಮೆಂಟ್‌ನಲ್ಲಿ ಇರಲಿಲ್ಲ. ಸಾಫ್ಟ್‌ವೇರ್ ಬರೆದವರು ಹಾಗಾಗಿ ಆ ಸುಳ್ಳನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಸುಳ್ಳು ನೆನಪಿನಲ್ಲಿ ಉಳಿದು ಸುಮಾರು 40 ಮೀಟರ್ ಎತ್ತರದಲ್ಲೇ ಎಂಜಿನ್ ಆಫ್ ಆಗಿರಬೇಕು, ಅದೇ ಹೆಚ್ಚು ಸಂಭವ ಅಂತ ತನಿಖಾ ಮಂಡಳಿ ಹೇಳಿತು.

ಆಮೇಲಿನದು ಬರೀ ವ್ಯಾಪಾರದ ಕತೆ. ಕ್ಯೂಎಸ್‌ಎಸ್ ಅನ್ನು 2000ದಲ್ಲಿ ಸ್ವೀಡನ್ನಿನ ಟೆಲಿಲಾಜಿಕ್ ಕೊಂಡಿತು, ಟೆಲಿಲಾಜಿಕ್ ಅನ್ನು 2008ರಲ್ಲಿ ಐಬಿಎಂ. ಜಾಮಾ, ಪೊಲಾರಿಯನ್ ಥರದ, ಇದೇ ಕೆಲಸದ ಟೂಲ್‌ಗಳು ಬ್ರೌಸರ್‌ನಲ್ಲಿ ಬಂದವು. ಜರ್ಮನಿಯ ಕಾರು ಕಂಪನಿಗಳು ಶುರು ಮಾಡಿದ ಪ್ರಯತ್ನದಿಂದ ರೆಕ್‌ಐಎಫ್ ಅನ್ನುವ ಫೈಲ್ ಮಾದರಿ 2011ರಲ್ಲಿ ಸ್ಟ್ಯಾಂಡರ್ಡ್ ಆಯಿತು, ಒಬ್ಬರ ಟೂಲ್‌ನಿಂದ ಇನ್ನೊಬ್ಬರದಕ್ಕೆ ಪಟ್ಟಿ ಸಾಗಿಸಲು ದಾರಿಯಾಯಿತು.

ಈ ಟೂಲ್‌ಗಳಲ್ಲಿ ಬೇಕಾದ ಕಾಲಂ ಸೇರಿಸಿಕೊಳ್ಳಬಹುದು, 'ರ‍್ಯಾಷನೇಲ್' (ಯಾಕೆ ಅನ್ನುವ ಕಾರಣ) ಅಂತ ಒಂದನ್ನು ಸುಮಾರು ಜನ ಸೇರಿಸಿಕೊಳ್ಳುತ್ತಾರೆ. ನಾನಿದ್ದ ಒಂದು ಪ್ರಾಜೆಕ್ಟ್‌ನಲ್ಲಿ 200 ಮಿಲಿಸೆಕೆಂಡ್ ಅಂತ ಒಂದು ಮಿತಿ ಇತ್ತು. ಯಾಕೆ 200 ಅಂತ ಆ ಕಾಲಂ ನೋಡಿದೆ. 'ಹಿಂದಿನ ಪ್ರಾಜೆಕ್ಟ್ ಪ್ರಕಾರ' ಅಂತಿತ್ತು. ಹಿಂದಿನ ಪ್ರಾಜೆಕ್ಟ್‌ನ ಪಟ್ಟಿ ತೆಗೆಸಿ ನೋಡಿದೆ. ಅಲ್ಲೂ ಅದೇ ಬರೆದಿತ್ತು.